ಇಟಲಿಯ ಕೌಬಾಯ್ ಮತ್ತು ನಮ್ಮ ನೀಲಾ ಅತ್ಯಾ

ಕಳೆದ ತಿಂಗಳು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಅಕ್ಷರದ ಹಲಗೆ ಓದಿಸಿ, ಕತ್ತಲೆ ಕೋಣೆಯಲ್ಲಿ ಕೂರಿಸಿ, ಕಣ್ಣೊಳಗೆ ದೀಪ ಬಿಟ್ಟು ನೋಡಿದ ಆ ತರುಣಿ ಕಡೆಗೆ ಕೇಳಿದ್ದು ಒಂದೇ ಪ್ರಶ್ನೆ: "ಮಾತಾಡೋವಾಗ ಕಣ್ಣು ಯಾಕೆ ಇಷ್ಟು ಸಣ್ಣ ಮಾಡ್ತೀರಿ ಸರ್? ಬೆಳಕು ಚುಚ್ಚುತ್ತಾ?"

ನಾನು ಉತ್ತರ ಹುಡುಕುವಷ್ಟರಲ್ಲಿ ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿ ಬಾಯಿ ಹಾಕಿದಳು. "ಅದೇನ ರೋಗ ಅಲ್ರಿ ಡಾಕ್ಟರ್. ಲಗ್ನಕ್ಕಿಂತ ಮೊದಲಿಂದ ಐತಿ. ನನ್ನ ನೋಡಾಕ ಬಂದಾಗೂ ಹಿಂಗ ನೋಡಿದ್ರು. ಹುಡುಗಗ ಕಣ್ಣ ಸರಿ ಕಾಣೂದಿಲ್ಲ ಅನಸ್ತೈತಿ ಅಂತ ನಮ್ಮಪ್ಪ ರಾತ್ರಿ ಊಟಾನ ಮಾಡಿರಲಿಲ್ಲ."

ಡಾಕ್ಟರಿಗೆ ನಿಜ ಹೇಳುವ ಧೈರ್ಯ ನನಗಾಗಲಿಲ್ಲ. ನಿಮಗೆ ಹೇಳುತ್ತೇನೆ, ನಗುವುದಿದ್ದರೆ ಪೂರ್ತಿ ಕೇಳಿ ಆಮೇಲೆ ನಗಿ. ಕಣ್ಣು ಕಿರಿದು ಮಾಡುವ ಈ ವಿದ್ಯೆಯನ್ನು ನಾನು ಕಲಿತದ್ದು ಬೆಳಗಾವಿಯಲ್ಲಿ ಮಿಲಿಟರಿಯವರಿರುವ ಕ್ಯಾಂಪ್ ಭಾಗದ ಒಂದು ಹಳೆಯ ಟಾಕೀಸಿನಲ್ಲಿ, ಕಾಲೇಜು ಓದುತ್ತಿದ್ದಾಗ. ಕಲಿಸಿದವರು ಕುದುರೆ ಮೇಲೆ ಬರುತ್ತಿದ್ದ, ಗಡ್ಡ ಬಿಟ್ಟ, ಸ್ನಾನದ ಗೊಡವೆಗೆ ಹೋಗದ ಕೆಲವು ಪುರುಷರು. ಅವರನ್ನು ನಾವು ಅಮೆರಿಕದವರೆಂದು ತಿಳಿದಿದ್ದೆವು. ಆ ಚಿತ್ರಗಳನ್ನು ತೆಗೆದವರು ಇಟಲಿಯವರು, ತೆಗೆದದ್ದು ಬಹಳಷ್ಟು ಸ್ಪೇನ್ ದೇಶದ ಬಯಲಿನಲ್ಲಿ, ಹೀಗಾಗಿ ಇಟಲಿಯವರು ತಿನ್ನುವ ಉದ್ದನೆಯ ಶ್ಯಾವಿಗೆಯ ಹೆಸರನ್ನೇ ಜಗತ್ತು ಆ ಚಿತ್ರಗಳಿಗೆ ಅಂಟಿಸಿ ಸ್ಪಾಗೆಟ್ಟಿ ವೆಸ್ಟರ್ನ್ ಎಂದು ಕರೆಯುತ್ತದೆ ಎಂಬುದು ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಆ ಸಂಗತಿಯನ್ನು ನೀಲಾ ಅತ್ಯಾಗೆ ಹೇಳಿದಾಗ ಅವಳು, "ಶ್ಯಾವಿಗಿ ತಿನ್ನೂ ಮಂದಿ ಅಂದಮ್ಯಾಲ ನಮ್ಮವರ ಆದ್ರಲ್ಲ" ಎಂದಿದ್ದಳು.

ನೀಲಾ ಅತ್ಯಾ ನನ್ನ ಅಪ್ಪನ ತಂಗಿ. ನಾವು ಖಾನಾಪುರದವರು. ಅಪ್ಪ ಮತ್ತು ದೊಡ್ಡಪ್ಪ ಅಲ್ಲಿ ಹಂಚಿನ ವ್ಯಾಪಾರ ಮಾಡಿಕೊಂಡಿದ್ದರು. ಊರಲ್ಲಿ ಮೆಟ್ರಿಕ್ ಮುಗಿಸಿದ ಮೇಲೆ ನನ್ನನ್ನು ಬೆಳಗಾವಿಗೆ, ಟಿಳಕವಾಡಿಯಲ್ಲಿದ್ದ ಅತ್ಯಾಳ ಮನೆಗೆ ಕಳಿಸಿದರು. ಅತ್ಯಾಳ ಗಂಡನನ್ನು ನಾನು ಮಾಮಾ ಎನ್ನುತ್ತಿದ್ದೆ. ಅವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಅವರ ಮಗಳು ಶೈಲಾ ನನಗಿಂತ ಎರಡು ವರ್ಷ ದೊಡ್ಡವಳು, ಆಗಲೇ ಬಿ.ಎಸ್ಸಿ. ಓದುತ್ತಿದ್ದಳು. ನಾನು ಬಂದ ಮೊದಲ ವಾರವೇ ಮಾಮಾ ನನಗೆ ಒಂದು ಪ್ಯಾರಾ ಇಂಗ್ಲಿಷ್ ಓದಿಸಿದರು. ಮುಗಿದ ಮೇಲೆ ಕನ್ನಡಕ ತೆಗೆದು ಒರೆಸಿ, ಬಹಳ ದುಃಖದಿಂದ ಹೇಳಿದರು: "ಶಿವಾನಂದ, ನಿನ್ನ ಕಿವಿಗೆ ಇಂಗ್ಲಿಷ್ ಬಿದ್ದಿಲ್ಲ. ಮೊದಲು ಕಿವಿಗೆ ಬೀಳಬೇಕು. ಐತವಾರ ಕ್ಯಾಂಪಿನ್ಯಾಗ ಇಂಗ್ಲಿಷ್ ಸಿನಿಮಾ ಇರ್ತದ. ಹೋಗಿ ಕೇಳು."

ಇಂಥ ಅಪ್ಪಣೆ ಯಾವ ವಿದ್ಯಾರ್ಥಿಗೆ ಸಿಕ್ಕೀತು? ಮಾಮಾ ಅವರ ಮನಸ್ಸಿನಲ್ಲಿದ್ದದ್ದು ಕೋಟು ತೊಟ್ಟವರು ಪಿಂಗಾಣಿ ಕಪ್ಪಿನಲ್ಲಿ ಚಹಾ ಕುಡಿಯುತ್ತ ಉದ್ದುದ್ದ ವಾಕ್ಯಗಳಲ್ಲಿ ಜಗಳವಾಡುವ ಚಿತ್ರಗಳು. ಮೊದಲ ಐತವಾರವೇ ನನ್ನ ಅದೃಷ್ಟಕ್ಕೆ ಹತ್ತಿದ್ದು ಕೌಬಾಯ್ ಚಿತ್ರ. ಪರದೆಯ ತುಂಬ ಬಯಲು. ದೂರದಲ್ಲಿ ಒಂದು ಚುಕ್ಕೆ. ಆ ಚುಕ್ಕೆ ಕುದುರೆಯಾಗಿ, ಕುದುರೆಯ ಮೇಲೆ ಮನುಷ್ಯ ಮೂಡಿ, ಮನುಷ್ಯನಿಗೆ ಗಡ್ಡ ಮೂಡಿ, ಅವನು ನಮ್ಮೆದುರು ಬಂದು ನಿಲ್ಲುವ ಹೊತ್ತಿಗೆ ನನ್ನ ಕೈಯಲ್ಲಿದ್ದ ಚುರುಮುರಿಯ ಪೊಟ್ಟಣ ಖಾಲಿಯಾಗಿತ್ತು. ಬಂದವನು ಏನಾದರೂ ಹೇಳಬೇಕಲ್ಲ, ಹೇಳಲಿಲ್ಲ. ಎದುರಿಗಿದ್ದವನೂ ಹೇಳಲಿಲ್ಲ. ಯಾರೋ ಎಲ್ಲೋ ಸಿಳ್ಳು ಹಾಕುತ್ತಿದ್ದಂಥ ಸಂಗೀತ, ನಡುವೆ ಒಂದು ಗಂಟೆ. ಇಬ್ಬರೂ ಕಣ್ಣು ಕಿರಿದು ಮಾಡಿದರು. ಕಣ್ಣು ಪರದೆಯಷ್ಟು ದೊಡ್ಡದಾಯಿತು, ಹುಬ್ಬಿನ ಬೆವರಿನ ಹನಿ ನೀರಿನ ಕೊಡದಷ್ಟು ದೊಡ್ಡದಾಯಿತು. ನನ್ನ ಬೆನ್ನು ಕುರ್ಚಿಯಿಂದ ಎದ್ದು ಮುಂದೆ ಬಂದಿತ್ತು. ಆಮೇಲೆ ಗುಂಡು.

ಮನೆಗೆ ಬಂದ ಕೂಡಲೇ ಮಾಮಾ ಕೇಳಿದರು: "ಇವತ್ತಿನ ಹೊಸ ಶಬ್ದ?"

ನೆನಪಿಸಿಕೊಂಡು ನೋಡಿದೆ. ಇಡೀ ಚಿತ್ರದಲ್ಲಿ ಮಾತೇ ಬೆರಳೆಣಿಕೆಯಷ್ಟು. "ಅಮಿಗೊ" ಎಂದೆ. ಮಾಮಾ ದಪ್ಪ ನಿಘಂಟು ತೆಗೆದರು. ಸಿಗಲಿಲ್ಲ. ಇನ್ನೊಂದು ಹೇಳು ಎಂದರು. "ಸೆನ್ಯೋರ್" ಎಂದೆ. ಅದು ಸಿಕ್ಕಿತು, ಆದರೆ ಸ್ಪ್ಯಾನಿಷ್ ಎಂದು ಬರೆದಿತ್ತು. ಮಾಮಾ ನಿಘಂಟು ಮುಚ್ಚಿ ಕಪಾಟಿನಲ್ಲಿಟ್ಟರು. ಮುಂದಿನ ಎರಡು ಮೂರು ವಾರಗಳ ಪರೀಕ್ಷೆಗಳ ಫಲಿತಾಂಶವೂ ಹೀಗೇ ಆಗಲು, ಅವರಿಗೆ ಸಂಶಯ ಬಲಿಯಿತು. "ನೀಲಾ, ಈ ಐತವಾರ ಇವನ ಕೂಡ ನೀನೂ ಹೋಗು. ಆ ಸಿನಿಮಾದಾಗ ಮಾತು ಎಷ್ಟು ಅವ ನೋಡ್ಕೊಂಡು ಬಾ" ಎಂದು ಅತ್ಯಾಳಿಗೆ ಹೇಳಿದರು.

ಅತ್ಯಾಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತಗೊಂಡು ಪಾಸಾಗಿದ್ದಳು. ಮುಂದೆ ಓದಿ ಶಿಕ್ಷಕಿಯಾಗುವ ಆಸೆ ಇತ್ತು. ದೊಡ್ಡಪ್ಪ ಬೇಡವೆಂದಿದ್ದರು. ಆ ಕಥೆಗೆ ಆಮೇಲೆ ಬರುತ್ತೇನೆ.

ಶ್ರಾವಣದ ಮಳೆ. ಬೆಳಗಾವಿಯ ಮಳೆ ಗೊತ್ತಲ್ಲ ನಿಮಗೆ. ಜಾಂಬೋಟಿ ಘಟ್ಟದ ಕಡೆಯಿಂದ ಹೊರಟರೆ ವಾರಗಟ್ಟಲೆ ನಿಲ್ಲುವ ಮಾತಿಲ್ಲ. ಹಗ್ಗದ ಮೇಲಿನ ಬಟ್ಟೆ ಒಣಗುವುದಿಲ್ಲ, ಬೆಂಕಿಪೆಟ್ಟಿಗೆ ಹತ್ತುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಅತ್ಯಾ ಶಾಲು ಹೊದ್ದು, ನಾನು ಛತ್ರಿ ಹಿಡಿದು, ರೈಲ್ವೆ ಗೇಟಿನಲ್ಲಿ ಗೂಡ್ಸ್ ಗಾಡಿ ದಾಟುವವರೆಗೆ ನೆನೆದು, ಅಂತೂ ಟಾಕೀಸು ಸೇರಿದೆವು. ತಗಡಿನ ಮಾಡಿನ ಮೇಲೆ ಮಳೆ ಬಡಿಯುತ್ತಿತ್ತು. ಸುತ್ತ ರಜೆಯ ಮೇಲೆ ಹೊರಗೆ ಬಂದ ಮಿಲಿಟರಿಯ ಹುಡುಗರು. ಪರದೆಯ ಮೇಲೆ ಬಯಲು, ಧೂಳು, ನೆತ್ತಿ ಸುಡುವ ಸೂರ್ಯ.

ಅತ್ಯಾ ಬಾಯಿ ತೆರೆದು ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ನನ್ನ ಕಿವಿಯಲ್ಲಿ, "ತಮ್ಮಾ, ಬಿಸಲ ನೋಡೋ. ಹಪ್ಪಳಾ ಹಾಕಿದ್ರ ತಾಸಿನ್ಯಾಗ ಒಣಗತಾವು" ಎಂದಳು.

ಈ ಚಿತ್ರಗಳ ಆಕರ್ಷಣೆಯ ಬಗ್ಗೆ ತಿಳಿದವರು ಏನೇನೋ ಬರೆದಿದ್ದಾರೆ. ನನ್ನ ಮಟ್ಟಿಗೆ ಅತ್ಯಾ ಹೇಳಿದ್ದರಲ್ಲಿ ಅರ್ಧ ಉತ್ತರವಿದೆ. ನಾಲ್ಕು ತಿಂಗಳು ಸೂರ್ಯನ ಮುಖ ಕಾಣದ ಊರಿನವರಿಗೆ ಒಂದು ಟಿಕೆಟ್ಟಿಗೆ ಎರಡೂವರೆ ತಾಸು ಬಿಸಿಲು ಸಿಗುತ್ತಿತ್ತು. ಮಧ್ಯಂತರದಲ್ಲಿ ಹೊರಗೆ ಬಂದು ಮಿರ್ಚಿ ಭಜಿ ತಿನ್ನುವಾಗ ಮೈ ನಿಜವಾಗಿಯೂ ಬೆಚ್ಚಗಾದಂತೆ ಅನ್ನಿಸುತ್ತಿತ್ತು.

ಮಧ್ಯಂತರದ ನಂತರ ಒಂದು ಊರಿನ ಬೀದಿಯಲ್ಲಿ ಹೆಣಗಳು ಸಾಲುಸಾಲಾಗಿ ಬಿದ್ದವು. ಅತ್ಯಾ ಬಹಳ ಚಿಂತೆಯಿಂದ ಕೇಳಿದಳು: "ಇಷ್ಟ ಮಂದಿ ಗುಂಡ ಹಾರಸ್ತಾರ, ಇವರ ಊರಿಗೆ ಹಿಂಡಲಗಾ ಇಲ್ಲೇನೋ?" ಹಿಂಡಲಗಾ ಎಂದರೆ ನಮ್ಮ ಕಡೆ ಜೈಲು ಎಂದೇ ಅರ್ಥ, ಬೆಳಗಾವಿಯ ಸೆಂಟ್ರಲ್ ಜೈಲು ಇರುವುದು ಅಲ್ಲಿ. ಹಿಂದಿನ ಸಾಲಿನಲ್ಲಿದ್ದ ಯಾರೋ ಕನ್ನಡ ಬಲ್ಲವರು ಗೊಳ್ಳೆಂದು ನಕ್ಕರು.

ಮನೆಯಲ್ಲಿ ಮಾಮಾ ಕಾಯುತ್ತಿದ್ದರು. "ಮಾತು ಅದಾವೇನು?"

ಅತ್ಯಾ ಒದ್ದೆ ಛತ್ರಿಯನ್ನು ಮೂಲೆಗೆ ಒರಗಿಸುತ್ತ, ಅವರ ಕಡೆ ನೋಡದೆ, "ಬಾಳ ಅದಾವ್ರಿ. ನಂಗ ತಿಳೀಲಿಲ್ಲ, ಆದ್ರ ಬಾಳ ಅದಾವು. ಇನ್ನೊಂದೀಟ ನೋಡಿದ್ರ ನಂಗೂ ತಿಳದೀತು" ಎಂದಳು.

ಹೀಗೆ ನಾನೂ ಅತ್ಯಾನೂ ಐತವಾರದ ಜೋಡಿಯಾದೆವು. ಕೋಟು ತೊಟ್ಟವರ ಚಿತ್ರ ಬಂದ ವಾರ ಅವಳಿಗೆ ಮೊಣಕಾಲು ನೋವು. ಕುದುರೆ ಬಂದ ವಾರ ಊಟದ ಪಾತ್ರೆಗಳನ್ನು ಶೈಲಕ್ಕನಿಗೆ ಒಪ್ಪಿಸಿ ಹನ್ನೆರಡಕ್ಕೇ ಸೀರೆ ಬದಲಿಸಿ ನಿಲ್ಲುತ್ತಿದ್ದಳು. ಯಾಕೆ ಅಷ್ಟು ಹಿಡಿಸಿತು ಎಂದು ಒಮ್ಮೆ ಕೇಳಿದೆ. "ಹಿಂದಿ ಸಿನಿಮಾಕ್ಕ ಹೋದ್ರ ಬಾಜೂದವ್ರು ನಗ್ತಾರ, ಯಾಕಂತ ನಾ ಕೇಳಬೇಕ. ಇದರಾಗ ಎಲ್ಲಾರೂ ಸುಮ್ಮ ಕುಂತಿರ್ತಾರ. ಅವರಿಗೆಷ್ಟ ತಿಳೀತೈತಿ, ನಂಗೂ ಅಷ್ಟ" ಎಂದಳು. ಖರೇ ಮಾತು. ಆ ಟಾಕೀಸಿನಲ್ಲಿ ಕನ್ನಡದವರಿದ್ದರು, ಮರಾಠಿಯವರಿದ್ದರು, ಮದ್ರಾಸಿನ ಸಿಪಾಯಿಗಳಿದ್ದರು, ಪಂಜಾಬಿನವರಿದ್ದರು. ಒಬ್ಬ ಮನುಷ್ಯ ತನ್ನ ಬೆರಳನ್ನು ಮೆಲ್ಲಗೆ ಸೊಂಟದ ಕಡೆ ಒಯ್ಯುವುದು ಎಲ್ಲರಿಗೂ ಒಂದೇ ಭಾಷೆಯಲ್ಲಿ ಅರ್ಥವಾಗುತ್ತಿತ್ತು.

ಮಾಮಾ ಒಮ್ಮೆ ಮಾತ್ರ ನಮ್ಮ ಜೊತೆ ಬಂದರು. ಅರ್ಧ ತಾಸಿನಲ್ಲೇ ಚಡಪಡಿಸತೊಡಗಿದರು. ಆ ಚಿತ್ರಗಳಲ್ಲಿ ನಟರು ತಂತಮ್ಮ ಭಾಷೆಯಲ್ಲಿ ಆಡಿದ್ದಕ್ಕೆ ಆಮೇಲೆ ಇಂಗ್ಲಿಷ್ ಧ್ವನಿ ಕೂಡಿಸಿರುತ್ತಿದ್ದರು. ಹೀಗಾಗಿ ಮಾತು ಮುಗಿದ ಮೇಲೂ ಬಾಯಿ ಅಲುಗುತ್ತಿತ್ತು. "ತುಟಿ ಒಂದು ಹೇಳ್ತದ, ಧ್ವನಿ ಒಂದು ಹೇಳ್ತದ. ಇದು ಮೋಸ" ಎಂದು ಮಾಮಾ ಸಿಟ್ಟಾದರು. "ನಮ್ಮ ದೊಡ್ಡಣ್ಣಂದೂ ಹಂಗ ಅಲ್ಲೇನ್ರಿ, ಗಿರಾಕಿ ಬಂದಾಗ" ಎಂದು ಅತ್ಯಾ ಕತ್ತಲಲ್ಲಿ ಪಿಸುಗುಟ್ಟಿದಳು. ಮಾಮಾ ನಕ್ಕದ್ದು ಅಂದು ಆ ಒಂದೇ ಸಲ.

ನನ್ನ ಸ್ಥಿತಿ ಮಾತ್ರ ಬಹಳ ಕೆಟ್ಟಿತ್ತು. ದೀಪಾವಳಿ ರಜೆಗೆ ಖಾನಾಪುರಕ್ಕೆ ಹೋದವನು ದೊಡ್ಡಪ್ಪನ ಕಂಬಳಿಯನ್ನು ಹೆಗಲ ಮೇಲೆ ಅಡ್ಡ ಹಾಕಿಕೊಂಡು, ಬಾಯಲ್ಲಿ ಬೆಂಕಿಕಡ್ಡಿ ಕಚ್ಚಿ, ಅಂಗಳದ ಹಂಚಿನ ರಾಶಿಗೆ ಒರಗಿ, ಕಣ್ಣು ಕಿರಿದು ಮಾಡಿ ರಸ್ತೆಯನ್ನು ನೋಡುತ್ತ ನಿಂತೆ. ರಸ್ತೆಯಲ್ಲಿ ಹೋಗುತ್ತಿದ್ದ ಊರ ಹುಡುಗಿಯರು ಬೆರಗಾಗಬೇಕಿತ್ತು. ಒಬ್ಬಳು ಇನ್ನೊಬ್ಬಳಿಗೆ, "ಪಾಪ, ಜ್ವರಾ ಬಂದಿರಬೇಕ" ಎಂದಳು. ದೊಡ್ಡಪ್ಪ ಒಳಗಿನಿಂದ ಬಂದು, "ಯಾಕೋ ಶಿವ್ಯಾ, ಹಲ್ಲ ನೋಯ್ತೈತೇನು?" ಎಂದರು. ಮರುದಿನ ಸ್ಟೇಷನ್ನಿನ ಹತ್ತಿರ ಟಾಂಗಾದವನನ್ನು ಕಾಡಿಬೇಡಿ ಅವನ ಕುದುರೆಯ ಮೇಲೆ ಹತ್ತಿದೆ. ಮಲಪ್ರಭಾ ಸೇತುವೆಯ ಕಡೆ ಹೋಗಬೇಕೆಂದು ನನ್ನ ಯೋಜನೆ. ಕುದುರೆ ತನ್ನ ಮಾಲೀಕನ ಮನೆಯ ಹಿತ್ತಲಿಗೆ ಹೋಗಿ, ಹುಲ್ಲಿನ ಮುಂದೆ ನಿಂತು, ಹೊಟ್ಟೆ ತುಂಬುವವರೆಗೆ ಅಲುಗಲಿಲ್ಲ. ಟಾಂಗಾದವನ ಹೆಂಡತಿ ನಾನು ಇಳಿಯಲೆಂದು ಸ್ಟೂಲು ತಂದಿಟ್ಟಳು.

ದೊಡ್ಡಪ್ಪನ ಧ್ವನಿಯ ಬಗ್ಗೆ ಹೇಳಬೇಕು. ಖಾನಾಪುರ ಸ್ಟೇಷನ್ನಿನಲ್ಲಿ ವ್ಯಾಗನ್ನುಗಳಿಗೆ ಹಂಚು ತುಂಬಿಸುತ್ತ, ಈ ತುದಿಯಿಂದ ಆ ತುದಿಗೆ ಕೂಗಿ ಕೂಗಿ ಬೆಳೆದ ಧ್ವನಿ ಅದು. ಕನ್ನಡದಲ್ಲಿ ಶುರುವಾಗಿ ಸಿಟ್ಟು ಏರಿದಂತೆ ಮರಾಠಿಗೆ ಹೊರಳುತ್ತಿತ್ತು. ಮನೆಯ ಯಾವ ತಕರಾರೂ ನ್ಯಾಯದ ಮೇಲೆ ತೀರುತ್ತಿರಲಿಲ್ಲ, ಗಂಟಲಿನ ಮೇಲೆ ತೀರುತ್ತಿತ್ತು. ಅತ್ಯಾ ಮಾತಿನವಳೇ. ಅಣ್ಣನ ಒಂದು ಮಾತಿಗೆ ಎರಡು ಮಾತು ಕೊಡುತ್ತಿದ್ದಳು, ಅವರು ನಾಲ್ಕು ಕೊಡುತ್ತಿದ್ದರು, ಇವಳ ಧ್ವನಿ ಏರಿ, ನಡುಗಿ, ಕಡೆಗೆ ಅಳುವಾಗಿ ಒಡೆಯುತ್ತಿತ್ತು. ಓದು ನಿಂತದ್ದೂ ಹೀಗೇ. ಬೆಳಗಾವಿಯ ಟ್ರೇನಿಂಗ್ ಕಾಲೇಜಿಗೆ ಹೋಗುತ್ತೇನೆಂದು ಇಡೀ ಒಂದು ಮಧ್ಯಾಹ್ನ ವಾದ ಮಾಡಿ, ಸೋತು, ಅತ್ತು, ಮುಂದಿನ ವರ್ಷ ಮದುವೆಯಾಗಿ ಬಂದಿದ್ದಳು. ದೊಡ್ಡಪ್ಪ ಕೆಟ್ಟವರಲ್ಲ. ಹಬ್ಬಕ್ಕೆ ತಂಗಿಯ ಸೀರೆಯನ್ನು ತಾವೇ ಅಂಗಡಿಗೆ ಹೋಗಿ ಆರಿಸುತ್ತಿದ್ದರು. ತಮಗೆ ತಿಳಿದದ್ದೇ ಎಲ್ಲರಿಗೂ ಒಳ್ಳೆಯದು ಎಂಬ ನಂಬಿಕೆ ಮಾತ್ರ ಬಹಳ ಗಟ್ಟಿ.

ಮರುವರ್ಷದ ಮಳೆಗಾಲ. ಅಂದು ಐತವಾರ, ಕುದುರೆಯ ಚಿತ್ರವೂ ಇತ್ತು. ಅತ್ಯಾ ಸೀರೆ ಬದಲಿಸಿಯಾಗಿತ್ತು. ಆಗ ಅಂಗಳದಲ್ಲಿ ದೊಡ್ಡಪ್ಪನ ಧ್ವನಿ ಕೇಳಿತು. ಹೇಳದೆ ಕೇಳದೆ ಬಂದಿದ್ದರು, ಜೊತೆಗೆ ಬೈಲಹೊಂಗಲದ ಹತ್ತಿ ವ್ಯಾಪಾರಿ ರುದ್ರಪ್ಪನವರು. ಕುಂದಾ ಸಿಹಿಯ ಡಬ್ಬಿ ಟೀಪಾಯಿಯ ಮೇಲೆ ಇಟ್ಟು, ಬೆತ್ತದ ಕುರ್ಚಿಯಲ್ಲಿ ಕುಳಿತು ದೊಡ್ಡಪ್ಪ ವಿಷಯ ಹೇಳಿದರು. ರುದ್ರಪ್ಪನವರ ಮಗನಿಗೆ ಶೈಲಾಳನ್ನು ಕೊಡುವುದು. ಹುಡುಗ ಒಳ್ಳೆಯವನು, ಮನೆತನ ದೊಡ್ಡದು. ದೀಪಾವಳಿ ಮುಗಿದ ಕೂಡಲೇ ಲಗ್ನ. ಕಾಲೇಜು ಈಗಲೇ ಬಿಡಿಸುವುದು.

ಒಳಗೆ ಅಡುಗೆಮನೆಯಲ್ಲಿ ಶೈಲಕ್ಕ ಗೋಡೆಗೆ ಒರಗಿ ನಿಂತಿದ್ದಳು. "ನಾ ಕಾಲೇಜ ಬಿಡಾಂಗಿಲ್ಲ" ಎಂದಳು ತಾಯಿಗೆ. "ಹೇಳಿಬಿಡವಾ. ಅಪ್ಪಾ ಏನೂ ಹೇಳಾಂಗಿಲ್ಲ, ನೀನ ಹೇಳಬೇಕ." ಅತ್ಯಾ ಚಹಾದ ಕಪ್ಪುಗಳನ್ನು ತಟ್ಟೆಗೆ ಇಡುತ್ತಿದ್ದಳು. ಒಂದು ಕಪ್ಪು ಬಸಿಗೆ ತಾಗಿ ಕಟಕಟ ಸದ್ದು ಮಾಡಿತು. ಅವಳು ಮಗಳನ್ನು ನೋಡಿದಳು, ತಟ್ಟೆ ಎತ್ತಿಕೊಂಡು ಪಡಸಾಲೆಗೆ ನಡೆದಳು. ನಾನೂ ಹಿಂದೆ ಹೋಗಿ ಬಾಗಿಲ ಬಾಜೂಕ್ಕೆ ನಿಂತೆ.

ಚಹಾ ಕೊಟ್ಟು ಒಳಗೆ ಹೋಗುವುದು ರೂಢಿ. ಅತ್ಯಾ ಹೋಗಲಿಲ್ಲ. ದೊಡ್ಡಪ್ಪನ ಎದುರಿಗಿದ್ದ ಖಾಲಿ ಕುರ್ಚಿಯಲ್ಲಿ ಕುಳಿತಳು. ಎರಡೂ ಕೈಗಳನ್ನು ಸೆರಗಿನೊಳಗೆ ತೊಡೆಯ ಮೇಲೆ ಇಟ್ಟುಕೊಂಡು ಅಣ್ಣನನ್ನು ನೋಡಿದಳು.

"ಏನಂತಿ ನೀಲಾ?" ಎಂದರು ದೊಡ್ಡಪ್ಪ.

ಅತ್ಯಾ ನೋಡುತ್ತಿದ್ದಳು.

"ದೊಡ್ಡ ಮನಿತಾನವಾ. ನಾ ಎಲ್ಲಾ ವಿಚಾರಸೇನಿ."

ಅತ್ಯಾಳ ಕಣ್ಣು ಮೆಲ್ಲಗೆ ರುದ್ರಪ್ಪನವರ ಕಡೆ ಹೊರಳಿತು. ಅಲ್ಲಿ ಸ್ವಲ್ಪ ಹೊತ್ತು ನಿಂತು ಮತ್ತೆ ಅಣ್ಣನ ಕಡೆ ಬಂತು. ಗೋಡೆ ಗಡಿಯಾರದ ಸದ್ದು ಅಷ್ಟು ದೊಡ್ಡದೆಂದು ನನಗೆ ಅಂದೇ ಗೊತ್ತಾದದ್ದು. ಹೊರಗೆ ಮಾಡಿನ ನೀರು ಒಂದು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ದೊಡ್ಡಪ್ಪ ತಮ್ಮ ಮುಂದಿನ ಮಾತುಗಳನ್ನೆಲ್ಲ ಸಿದ್ಧ ಮಾಡಿಕೊಂಡು ಬಂದಿದ್ದರೆಂದು ಕಾಣುತ್ತದೆ. ಆದರೆ ಅವೆಲ್ಲ ಉತ್ತರಗಳು. ಈಚೆಯಿಂದ ಮಾತೇ ಬಾರದಿದ್ದರೆ ಉತ್ತರ ಕೊಡುವುದಾದರೂ ಯಾವುದಕ್ಕೆ? ಅವರು ಮಾಮಾ ಕಡೆ ತಿರುಗಿದರು. "ಮಾಸ್ತರ, ನೀವರ ಹೇಳ್ರಿ."

ದೊಡ್ಡಪ್ಪನ ಧ್ವನಿಗೆ ಮಾಮಾ ಯಾವಾಗಲೂ ಹೆದರುತ್ತಿದ್ದರು. ಅವರು ಕನ್ನಡಕ ತೆಗೆದರು, ಧೋತರದ ಚುಂಗಿನಿಂದ ಒರೆಸಿದರು, ಹೆಂಡತಿಯ ಮುಖ ನೋಡಿದರು, ಕನ್ನಡಕ ಹಾಕಿಕೊಂಡರು.

"ಲೇ ಶಿವ್ಯಾ, ಏನಾಗೇತೋ ಇವರಿಗೆ?"

ಹಿರಿಯರು ಕೇಳಿದಾಗ ಉತ್ತರ ಕೊಡದೆ ಇರುವ ಮನೆಯಲ್ಲ ನಮ್ಮದು. ಆದರೂ ನಾನು ಬಾಗಿಲ ಚೌಕಟ್ಟಿಗೆ ಒರಗಿ ದೊಡ್ಡಪ್ಪನನ್ನು ನೋಡಿದೆ, ಅಷ್ಟೇ. ಕಣ್ಣು ಸಣ್ಣ ಮಾಡಿದ್ದೆನೋ ಇಲ್ಲವೋ ನೆನಪಿಲ್ಲ. ಮಾಡಿರಲೇಬೇಕು.

ಮೊದಲು ಅಲುಗಿದವರು ರುದ್ರಪ್ಪನವರು. ಗಂಟಲು ಸರಿಪಡಿಸಿಕೊಂಡು, "ಕಾಲೇಜ ಈಗ ಬಿಡಬೇಕಂತ ಏನಿಲ್ರಿ. ಈ ವರ್ಷದ ಪರೀಕ್ಷಾ ಮುಗೀಲಿ" ಎಂದರು.

ಅತ್ಯಾ ಅವರನ್ನು ನೋಡಿದಳು.

"ಡಿಗ್ರಿ ಮುಗದ್ರೂ ನಡೀತೈತ್ರಿ. ಕಲ್ತ ಸೊಸಿ ಬಂದ್ರ ಚಲೋನ."

ಅತ್ಯಾ ಇನ್ನೂ ನೋಡುತ್ತಿದ್ದಳು.

ರುದ್ರಪ್ಪನವರು ಚಹಾ ಗಟಗಟ ಕುಡಿದು ಎದ್ದರು. "ನಮ್ಮ ಮನ್ಯಾಗೂ ಒಂದ ಸಲಾ ವಿಚಾರ ಮಾಡಬೇಕ್ರಿ. ಹುಡುಗಂದೂ ಮನಸ ಕೇಳಬೇಕ. ಬರ್ತೇನ್ರಿ ತಾಯಿ" ಎಂದು ಅತ್ಯಾಳಿಗೆ ಕೈಮುಗಿದು ಹೊರಟರು. ದೊಡ್ಡಪ್ಪ ಗೇಟಿನವರೆಗೆ ಹೋಗಿ ಕಳಿಸಿ ಬಂದರು. ಈಗ ಧ್ವನಿ ಏರುತ್ತದೆ ಎಂದು ನಾನು ಕಾದೆ. ಅವರು ಕುರ್ಚಿಯಲ್ಲಿ ಕುಸಿದಂತೆ ಕುಳಿತರು.

"ಏನರ ಹೇಳಬಾರದೇನವಾ ನೀಲಾ" ಎಂದರು, ಬಹಳ ಸಣ್ಣಗೆ.

"ಹುಡುಗಿ ಓದ್ತಾಳ ಅಣ್ಣಾ" ಎಂದಳು ಅತ್ಯಾ.

"ಮೊದಲ ಹೇಳಿದ್ರ ಆಗ್ತಿತ್ತಲಾ."

"ಮೊದಲೊಮ್ಮೆ ಹೇಳಿದ್ನಲ್ಲಾ. ಆಗ ಕೇಳಿದೇನು ನೀ?"

ಯಾವ ಮೊದಲು ಎಂದು ದೊಡ್ಡಪ್ಪನಿಗೆ ತಿಳಿಯಿತು. ಅವರು ಆರಿದ ಚಹಾವನ್ನು ಕೊನೆಯ ಗುಟುಕಿನವರೆಗೂ ಕುಡಿದರು. ಅಂದು ಮಧ್ಯಾಹ್ನ ಅಲ್ಲೇ ಊಟ ಮಾಡಿದರು, ಶೈಲಕ್ಕನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಕಾಲೇಜಿನಲ್ಲಿ ಏನು ಕಲಿಸುತ್ತಾರೆ ಎಂದು ಕೇಳಿದರು. ಅವಳು ಗಿಡಗಳ ಬಗ್ಗೆ ಹೇಳಿದಳು. ನಮ್ಮ ಕಡೆಯ ಅಡವಿಯ ಗಿಡಗಳಿಗೂ ಇಂಗ್ಲಿಷ್ ಹೆಸರು ಇರುತ್ತವೆಯೇ ಎಂದು ಅವರು ಬಹಳ ಆಸಕ್ತಿಯಿಂದ ವಿಚಾರಿಸಿದರು.

ಅಂದಿನ ಸಿನಿಮಾ ತಪ್ಪಿಹೋಯಿತು. ಸಂಜೆ ಅಡುಗೆಮನೆಯಲ್ಲಿ ನಾನು ಅತ್ಯಾಳಿಗೆ, "ಭಾರೀ ಆತು ಅತ್ಯಾ. ಖರೇ ಕೌಬಾಯ್ ಆದಿ ನೀ" ಎಂದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಿದಳು.

"ಎಲ್ಲಿ ಕೌಬಾಯೋ ತಮ್ಮಾ. ಮಾತಾಡಬೇಕಂತ ಕುಂತಿದ್ನಿ. ಬಾಯಿ ಒಣಗಿಹೋಗಿತ್ತು. ಒಂದ ಅಕ್ಷರ ಹೊರಡಲಿಲ್ಲ. ಮಾತ ತಗದ್ರ ಅತ್ತಬಿಡತೇನಂತ ಅಂಜಿಕಿ. ಸೆರಗಿನ್ಯಾಗ ಕೈ ಹೆಂಗ ನಡಗಾಕತ್ತಿದ್ವು ಗೊತ್ತೇನು?" ಹಿಟ್ಟಿಗೆ ಮತ್ತೆ ಕೈ ಹಾಕಿ ನಾದುತ್ತ ಹೇಳಿದಳು: "ಆ ಸಿನಿಮಾದವ್ರೂ ಹಂಗ ಇರಬೇಕ ನೋಡು. ಸುಮ್ಮ ನಿಂತಾರಂದ್ರ ಧೈರ್ಯ ಬಾಳ ಐತಿ ಅಂತ ನಾವು ತಿಳ್ಕೋತೀವಿ. ಅವರಿಗೂ ಬಾಯಿ ಒಣಗಿರ್ತೈತಿ."

ಅದುವರೆಗೆ ನಾನು ನೋಡಿದ ಅಷ್ಟೂ ಚಿತ್ರಗಳು ಆ ಕ್ಷಣ ನನ್ನ ತಲೆಯಲ್ಲಿ ಬೇರೆಯಾದವು. ಬೆವರುವ ಹಣೆ, ಅಲುಗುವ ಬೆರಳು, ಮಿಟುಕದ ಕಣ್ಣು, ಇವೆಲ್ಲ ಹೆದರಿದ ಮನುಷ್ಯರ ಗುರುತುಗಳೆಂದು ನನಗೆ ಹೊಳೆದೇ ಇರಲಿಲ್ಲ. ಆಮೇಲೆ ನೋಡಿದಾಗೆಲ್ಲ ಆ ಗಡ್ಡದವರ ಮೇಲೆ ನನಗೆ ಮೊದಲಿಗಿಂತ ಪ್ರೀತಿ ಹೆಚ್ಚಾಯಿತು.

ಶೈಲಕ್ಕ ಬಿ.ಎಸ್ಸಿ. ಮುಗಿಸಿ, ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮಾಡಿ, ಕಾಲೇಜಿನಲ್ಲಿ ಪಾಠ ಹೇಳತೊಡಗಿದಳು. ಜೊತೆಗೆ ಪಾಠ ಹೇಳುತ್ತಿದ್ದ ಒಬ್ಬ ಸಭ್ಯನನ್ನು ತಾನೇ ಮೆಚ್ಚಿ ಮದುವೆಯಾದಳು. ಮದುವೆಯ ಓಡಾಟವನ್ನೆಲ್ಲ ವಹಿಸಿಕೊಂಡವರು ದೊಡ್ಡಪ್ಪನೇ. ಹಂಚು ಕೊಳ್ಳಲು ಬಂದವರನ್ನೆಲ್ಲ ಕೂರಿಸಿಕೊಂಡು, ತಮ್ಮ ತಂಗಿಯ ಮಗಳು ಯಾವ ಗಿಡ ಕಂಡರೂ ಅದರ ಹೆಸರು ಹೇಳುತ್ತಾಳೆಂದು ಬಡಾಯಿ ಕೊಚ್ಚುವುದು ಅವರ ನಿತ್ಯದ ಕಾರ್ಯಕ್ರಮವಾಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ನೌಕರಿಗೆ ಸೇರಿದ್ದೆ. ಒಂದು ಬೇಸಿಗೆಯಲ್ಲಿ ಎಲ್ಲರೂ ಖಾನಾಪುರದಲ್ಲಿ ಕೂಡಿದ್ದೆವು. ಊರ ಹೊರಗೆ, ಹೊಳೆಯ ಕಡೆಯ ಬಯಲಲ್ಲಿ ಟೂರಿಂಗ್ ಟಾಕೀಸಿನ ಡೇರೆ ಬಿದ್ದಿತ್ತು. ಭಕ್ತಿಪ್ರಧಾನ ಚಿತ್ರ ಬರುತ್ತದೆ ಎಂದು ಡಂಗುರ ಹೊಡೆಸಿದ್ದರು. ದೊಡ್ಡಪ್ಪ ಬಿಳಿ ಧೋತರ ಉಟ್ಟು, ವಿಭೂತಿ ಹಚ್ಚಿ, ಮನೆಮಂದಿಯನ್ನೆಲ್ಲ ಕರೆದುಕೊಂಡು ಸಂಜೆಯ ಆಟಕ್ಕೆ ಹೊರಟರು. ಬೆಂಚಿನ ಮೇಲೆ ಕುಳಿತು ಭಕ್ತಿಯಿಂದ ಕಾದೆವು. ದೀಪ ಆರಿತು. ಪರದೆಯ ಮೇಲೆ ಬಯಲು. ದೂರದಲ್ಲಿ ಒಂದು ಚುಕ್ಕೆ.

ಅತ್ಯಾ ನನ್ನ ತೋಳು ಹಿಡಿದಳು. ರೈಲಿನಲ್ಲಿ ರೀಲಿನ ಪೆಟ್ಟಿಗೆಗಳು ಅದಲುಬದಲಾಗಿದ್ದವು. ನಮ್ಮ ದೇವರು ಯಾವ ಊರಿನಲ್ಲಿ ಇಳಿದನೋ, ನಮಗೆ ಕೌಬಾಯ್ ಬಂದಿದ್ದ.

ಜನ ಗೊಣಗಿದರೂ ಕುದುರೆ ನೋಡಿ ಸುಮ್ಮನಾದರು. ಆದರೆ ಕಾಲು ಭಾಗ ಆಗುವಷ್ಟರಲ್ಲಿ ಯಂತ್ರದಲ್ಲಿ ಏನೋ ಸುಟ್ಟು ಧ್ವನಿ ಪೂರ್ತಿ ನಿಂತುಹೋಯಿತು. ಚಿತ್ರ ಓಡುತ್ತಿತ್ತು, ಸದ್ದಿಲ್ಲ. ಈಗ ಕೂಗಾಟ ಶುರುವಾಯಿತು. ಟಿಕೆಟ್ಟಿನ ದುಡ್ಡು ವಾಪಸು ಕೊಡಿ ಎಂದು ಕೆಲವರು ಎದ್ದರು. ಡೇರೆಯ ಮಾಲೀಕ ಕೈಮುಗಿಯುತ್ತ ಅತ್ತಿಂದಿತ್ತ ಓಡುತ್ತಿದ್ದ. ಪರದೆಯ ಮೇಲೆ ಇಬ್ಬರು ಎದುರುಬದುರು ನಿಂತು ಒಬ್ಬರನ್ನೊಬ್ಬರು ನೋಡುತ್ತಿದ್ದರು, ಬಹಳ ಹೊತ್ತು.

ದೊಡ್ಡಪ್ಪನಿಗೆ ಆ ಮೌನ ಸಹಿಸಲಾಗಲಿಲ್ಲ. ಕುಳಿತಲ್ಲಿಂದಲೇ, ವ್ಯಾಗನ್ನಿನ ಆ ತುದಿಗೆ ಕೇಳುವ ಧ್ವನಿಯಲ್ಲಿ, ಎಡಗಡೆಯವನ ಪರವಾಗಿ ಕೇಳಿದರು: "ಯಾಕಪಾ, ಹಂಚ ಬೇಕಾಗಿದ್ವೇನು?"

ಡೇರೆ ಒಮ್ಮೆಲೇ ಗಪ್ಪಾಯಿತು. ಬಲಗಡೆಯವನು ಕಣ್ಣು ಕಿರಿದು ಮಾಡಿದ. ದೊಡ್ಡಪ್ಪ ಧ್ವನಿ ಬದಲಿಸಿ, ಖಾನಾಪುರದ ಸಂತೆಯ ಮರಾಠಿಯಲ್ಲಿ ಅವನ ಉತ್ತರ ಕೊಟ್ಟರು: "ಲಯ್ ಮಹಾಗ ಹಾಯ್ ರೇ ತುಝಾ ಮಾಲ್."

"ತುಟ್ಟಿ ಅಂತೀಯೇನು? ಮಳಿ ಬಂದಾಗ ಸೋರಿದ್ರ ನನ್ನ ಹೆಸರ ಹೇಳು."

ಬಲಗಡೆಯವನು ಸೊಂಟದ ಕಡೆ ಕೈ ಒಯ್ದ. "ಹಾ, ರೊಕ್ಕದ ಚೀಲಾ ತಗೀತಾನ, ವ್ಯಾಪಾರ ಕುದರ್ತು" ಎಂದರು ದೊಡ್ಡಪ್ಪ. ಅವನು ಪಿಸ್ತೂಲು ತೆಗೆದು ಗುಂಡು ಹಾರಿಸಿದ.

"ಬ್ಯಾಡಾದ್ರ ಬ್ಯಾಡ ಅನ್ನಬೇಕಿಲ್ಲೋ ಮಾರಾಯಾ."

ಡೇರೆಯ ಬಟ್ಟೆ ಹಾರಿಹೋಗುವಂಥ ನಗು. ಎದ್ದು ನಿಂತಿದ್ದವರು ಕುಳಿತರು. ಆಮೇಲೆ ದೊಡ್ಡಪ್ಪ ನಿಲ್ಲಲಿಲ್ಲ. ಕಳ್ಳರ ಗುಂಪಿಗೆ ಹಂಚಿನ ಕಾರ್ಖಾನೆಯ ಆಳುಗಳ ಮುಕಾದಮನ ಮಾತು, ಹೋಟೆಲಿನವನಿಗೆ ಊರ ಖಾನಾವಳಿಯ ಗೌಡಶಾನಿಯ ಗೊಣಗಾಟ, ಕುದುರೆಗೂ ಎರಡು ಮಾತು. ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ, ಮರಾಠಿಯ ಬೈಗುಳಕ್ಕೆ ಕನ್ನಡದ ಸಮಾಧಾನ, ಪಕ್ಕಾ ನಮ್ಮ ಪೇಟೆಯ ಹಾಗೆ. ಅತ್ಯಾ ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಮಾಮಾ ನನ್ನ ಕಡೆ ಬಾಗಿ, ತುಟಿಗೂ ಮಾತಿಗೂ ಈಗ ಎಷ್ಟೋ ಚಲೋ ಹೊಂದಿಕೆ ಆಗ್ತದ ಎಂದರು.

ಈ ಚಿತ್ರಗಳು ಇಷ್ಟು ವರ್ಷ ಯಾಕೆ ಉಳಿದವು ಎಂದು ಯಾರಾದರೂ ಗಂಭೀರವಾಗಿ ಕೇಳಿದಾಗ ನನಗೆ ಆ ಡೇರೆಯೇ ಕಣ್ಣಮುಂದೆ ಬರುತ್ತದೆ. ಅವುಗಳಲ್ಲಿ ಬೇಕಾದಷ್ಟು ಜಾಗ ಖಾಲಿ ಇತ್ತು. ಸುಮ್ಮನೆ ಕೂರುವವರು ಅಲ್ಲಿ ಸುಮ್ಮನೆ ಕೂರಬಹುದಿತ್ತು, ಮಾತು ಬೇಕಾದವರು ತಮ್ಮ ಮಾತು ತಂದು ಹಾಕಬಹುದಿತ್ತು.

ಮರುದಿನ ಬೆಳಗಾವಿಯಿಂದ ಮೆಕ್ಯಾನಿಕ್ ಬಂದು ಯಂತ್ರ ರಿಪೇರಿ ಮಾಡಿದ. ಸಂಜೆ ಅದೇ ಕೌಬಾಯ್ ಚಿತ್ರಕ್ಕೆ ಧ್ವನಿ ಗಟ್ಟಿಯಾಗಿ, ಸ್ವಚ್ಛವಾಗಿ ಬಂತು. ಸ್ವಲ್ಪ ಹೊತ್ತು ಕೇಳಿ ನೋಡಿದ ಜನ ಗದ್ದಲ ಮಾಡಿ ಆ ಧ್ವನಿಯನ್ನು ಬಂದ್ ಮಾಡಿಸಿದರು, ದೊಡ್ಡಪ್ಪನನ್ನು ಕರೆತರಲು ಮನೆಗೆ ಟಾಂಗಾ ಕಳಿಸಿದರು.